ಹಳೇದೆಲ್ಲಿ

"ಹಳೇದೆಲ್ಲಿ?"

ಗಾಲಿಕುರ್ಚಿಯನ್ನು ಅಡುಗೆಮನೆಯ ಬಾಗಿಲಿಗೆ ತಂದು ನಿಲ್ಲಿಸಿದ್ದ ಸೊಸೆ ಅದರ ಹಿಡಿ ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಲಕ್ವ ಹೊಡೆದ ಮೇಲೆ ಮಾವನ ಬಾಯಿಂದ ಬಂದ ಮೊದಲ ಮಾತು ಅದು. ಆಸ್ಪತ್ರೆಯಲ್ಲಿ ಎಷ್ಟೋ ಜನ ಎಷ್ಟೋ ರೀತಿಯಲ್ಲಿ ಮಾತಾಡಿಸಲು ನೋಡಿದ್ದರು. ಒಂದು 'ಹೂಂ' ಕೂಡ ಹೊರಟಿರಲಿಲ್ಲ.

"ರೀ, ಬೇಗ ಬನ್ರೀ! ಮಾವ ಮಾತಾಡಿದ್ರು!"

ಆಸ್ಪತ್ರೆಯಿಂದ ತಂದ ಚೀಲಗಳನ್ನು ಇಳಿಸುತ್ತಿದ್ದ ಗಂಡ ಎಲ್ಲವನ್ನೂ ಅಲ್ಲೇ ಬಿಟ್ಟು ಓಡಿಬಂದ. "ಏನಂದ್ರು? ಏನಂದ್ರು?"

"ಹಳೇದೆಲ್ಲಿ ಅಂದ್ರು."

ಅವನು ನಕ್ಕ. ನಗುತ್ತ ನಗುತ್ತ ಕಣ್ಣೊರೆಸಿಕೊಂಡ. "ಮತ್ತಿನ್ನೇನು ಬರುತ್ತೆ ಅಪ್ಪನ ಬಾಯಲ್ಲಿ!"

ಮಾವ ದುಡಿಯುವಷ್ಟು ಕಾಲವೂ ಬಸ್ ಡಿಪೋದ ಸ್ಟೋರಿನ ಕಿಟಕಿಯ ಹಿಂದೆ ಕೂತವರು. ಬ್ರೇಕಿನ ಪಟ್ಟಿಯಿರಲಿ, ಫ್ಯಾನ್ ಬೆಲ್ಟಿರಲಿ, ನೆಲ ಒರೆಸುವ ಬಟ್ಟೆಯೇ ಇರಲಿ, ಯಾರು ಏನು ಕೇಳಲು ಬಂದರೂ ಕಿಟಕಿಯೊಳಗಿಂದ ಮೊದಲು ಬರುತ್ತಿದ್ದ ಪ್ರಶ್ನೆ ಅದೊಂದೇ. ಹಳೆಯದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ, ಎಲ್ಲಿ ಸವೆದಿದೆ ಎಂದು ಹೆಬ್ಬೆರಳಾಡಿಸಿ ನೋಡದೆ ಹೊಸದು ಕೊಟ್ಟವರಲ್ಲ. "ಇದಕ್ಕಿನ್ನೂ ಜೀವ ಇದೆ, ಹೋಗು" ಎಂದು ಕೆಲವರನ್ನು ವಾಪಸು ಅಟ್ಟುತ್ತಿದ್ದರು. ಇನ್ನು ಕೆಲವರಿಗೆ, "ಇಷ್ಟು ದಿನ ಏನಯ್ಯಾ ಮಾಡ್ತಿದ್ದೆ? ಜನ ಕೂರೋ ಗಾಡಿ ಅದು" ಎಂದು ಬೈದು ಹೊಸದನ್ನು ಕೈಗಿಡುತ್ತಿದ್ದರು. ಡಿಪೋದಲ್ಲಿ ಅವರಿಗೆ 'ಹಳೇದೆಲ್ಲಿ ಸಾರ್' ಎಂದೇ ಹೆಸರು. ಮಗನ ಮದುವೆಗೆ ಬಂದಿದ್ದ ಒಬ್ಬ ಮೆಕ್ಯಾನಿಕ್ಕು, "ಸಾರ್, ಮನೆಗೆ ಹೊಸಬರು ಬಂದ್ರು. ಹಳೇದೆಲ್ಲಿ?" ಎಂದು ಕೆಣಕಿದಾಗ, ಮಾವ ಪಕ್ಕದಲ್ಲಿದ್ದ ಅತ್ತೆಯ ಭುಜ ಹಿಡಿದು, "ಇದಿನ್ನೂ ಗಟ್ಟಿ ಇದೆ ಕಣಯ್ಯಾ, ಬದಲಾಯಿಸೋ ಹಾಗಿಲ್ಲ" ಎಂದಿದ್ದರು. ಅತ್ತೆ ಎಲ್ಲರೆದುರೇ ಅವರ ಕೈಗೊಂದು ಏಟು ಕೊಟ್ಟಿದ್ದರು.

ಈಗ ಆ ಮಾತೊಂದಾದರೂ ಉಳಿಯಿತಲ್ಲ ಎಂಬುದೇ ಎಲ್ಲರಿಗೂ ಹಬ್ಬವಾಯಿತು. ಮಾವ ಇನ್ನೊಮ್ಮೆ ಅದನ್ನೇ ಹೇಳಿದರು. ಎಲ್ಲರೂ ಇನ್ನೊಮ್ಮೆ ನಕ್ಕರು. ಅವರ ಮುಖದಲ್ಲಿ ಮಾತ್ರ ನಗು ಇರಲಿಲ್ಲ. ಕಣ್ಣು ಒಲೆಯ ಪಕ್ಕದ ಮೊಳೆಯ ಮೇಲೆ ನೆಟ್ಟಿತ್ತು. ಆ ಮೊಳೆಗೆ ಹೊಳೆಯುವ ಹೊಸ ಸೌಟು ನೇತಾಡುತ್ತಿತ್ತು.

ಈ ಹೊಸ ಅಡುಗೆಮನೆ ಸೊಸೆಯ ಉಡುಗೊರೆ. ಬೇರೆ ಊರಿನಲ್ಲಿದ್ದ ಅವಳೂ ಗಂಡನೂ ಮಾವನಿಗೆ ಹುಷಾರು ತಪ್ಪಿದಾಗ ಇಲ್ಲಿಗೇ ಬಂದುಬಿಟ್ಟಿದ್ದರು. ಅತ್ತೆ ಹಗಲೂ ರಾತ್ರಿ ಆಸ್ಪತ್ರೆಯಲ್ಲಿ ಗಂಡನ ಹಾಸಿಗೆಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಅವರು ಬರುವಷ್ಟರಲ್ಲಿ ಏನಾದರೂ ಮಾಡಬೇಕು ಎಂದು ಸೊಸೆಗೆ ಅನ್ನಿಸಿತ್ತು. ನೋಡಿದರೆ ಎಲ್ಲವೂ ಹಳತು. ಹಿಡಿ ಸವೆದ ಸೌಟು, ಅಲಗು ತೆಳ್ಳಗಾದ ಚಾಕು, ಭುಜ ನೆಗ್ಗಿದ ಸಕ್ಕರೆ ಡಬ್ಬಿ, ಹಿಡಿಕೆಗೆ ದಾರ ಸುತ್ತಿದ ಕೆಟಲು, ನಡುವೆ ಬಟ್ಟಲಿನಂತೆ ಕುಳಿ ಬಿದ್ದಿದ್ದ ತರಕಾರಿ ಹೆಚ್ಚುವ ಮಣೆ. ಪಾಪ, ಇಷ್ಟರಲ್ಲೇ ಇಷ್ಟು ವರ್ಷ ತೂಗಿಸಿದ್ದಾರೆ ಎಂದುಕೊಂಡು ಎಲ್ಲವನ್ನೂ ಗುಜರಿಗೆ ಹಾಕಿ, ಒಂದೇ ಸಲಕ್ಕೆ ಹೊಸದು ತಂದು, ಒಂದೇ ಅಳತೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿದ್ದಳು.

"ನೋಡಿ ಅತ್ತೆ, ಹೇಗಿದೆ?"

ಅತ್ತೆ ಬಾಗಿಲಲ್ಲಿ ನಿಂತರು. ಕಿಟಕಿಯ ಬೆಳಕಿನತ್ತ ಮುಖ ಮಾಡಿ ಮುಗುಳ್ನಕ್ಕರು. "ತುಂಬಾ ಚೆನ್ನಾಗಿದೆ ಮಗಳೇ. ಎಷ್ಟು ಕಷ್ಟಪಟ್ಟಿದೀಯ." ಅಷ್ಟರಲ್ಲಿ ಅವರ ಕೈ ತಾನಾಗಿ ಶೆಲ್ಫಿನತ್ತ ಹೋಗಿ ಒಂದು ಡಬ್ಬಿಯನ್ನು ಮುಟ್ಟಿತು, ಪಕ್ಕದ್ದನ್ನು ಮುಟ್ಟಿತು, ಅದರ ಪಕ್ಕದ್ದನ್ನು ಮುಟ್ಟಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಬಂತು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಏನೋ ಉರುಳಿ ಬಿದ್ದ ಸದ್ದಿಗೆ ಸೊಸೆಗೆ ಎಚ್ಚರವಾಯಿತು.

"ಏನಾಯ್ತು ಅತ್ತೆ?"

"ಏನಿಲ್ಲ, ಮಲಗು. ಬೆಕ್ಕಿರಬೇಕು."

ಆ ಮನೆಯಲ್ಲಿ ಬೆಕ್ಕು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಟೀ ಬಂತು. ಗಂಡ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದ. "ಅಮ್ಮಾ, ಟೀಗೆ ಉಪ್ಪು ಹಾಕಿದೀಯಲ್ಲ!"

"ಆಸ್ಪತ್ರೆ ಟೀ ಕುಡಿದು ಕುಡಿದು ನಿನ್ನ ನಾಲಿಗೆ ಕೆಟ್ಟಿದೆ" ಎಂದರು ಅತ್ತೆ. ನಗಿಸಲು ಆಡಿದ ಮಾತು, ದನಿಯಲ್ಲಿ ಹುರುಪಿರಲಿಲ್ಲ. ಮಧ್ಯಾಹ್ನ ಹುರುಳಿಕಾಯಿ ಹೆಚ್ಚುವಾಗ ಹೊಸ ಚಾಕು ಬೆರಳಿಗೆ ಆಳವಾಗಿ ತಗುಲಿತು. ಅತ್ತೆ ರಕ್ತವನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ, "ಇನ್ಮೇಲೆ ಅಡುಗೆ ನೀನೇ ನೋಡ್ಕೊಳಮ್ಮ. ನಂಗೆ ಯಾಕೋ ಸುಸ್ತು" ಎಂದರು. ಹೋಗಿ ಮಾವನ ಪಕ್ಕ ಕೂತರು. ಒಂದು ಗಳಿಗೆಯೂ ಸುಮ್ಮನಿರದ ಅವರ ಕೈಗಳು ಯಾರದ್ದೋ ಸಾಮಾನಿನ ಹಾಗೆ ಮಡಿಲಲ್ಲಿ ಬಿದ್ದಿದ್ದವು.

"ಅಮ್ಮನಿಗೂ ವಯಸ್ಸಾಯ್ತು" ಎಂದ ಗಂಡ, ಅತ್ತೆಗೆ ಕೇಳುವಷ್ಟೇ ಹತ್ತಿರ ನಿಂತು. "ಅಡುಗೆಗೆ ಯಾರನ್ನಾದ್ರೂ ಗೊತ್ತು ಮಾಡ್ತೀನಿ. ಅವಳು ಇನ್ನು ಒಲೆ ಹತ್ರ ಬರೋದೇ ಬೇಡ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

ಮಾವ ಆಡುತ್ತಿದ್ದ ಎಡಗೈಯಿಂದ ಕುರ್ಚಿಯ ತೋಳನ್ನು ಬಡಿದರು. "ಹಳೇದೆಲ್ಲಿ? ಹಳೇದೆಲ್ಲಿ?"

"ಎಲ್ಲಾ ಹೊಸದು ಅಪ್ಪಾ. ಆರಾಮಾಗಿರಿ ನೀವು."

ಮಾವ ಮುಖ ಗೋಡೆಗೆ ತಿರುಗಿಸಿದರು. ಅವರ ಕೆನ್ನೆ ಒದ್ದೆಯಾಗಿದ್ದನ್ನು ಸೊಸೆ ನೋಡಿದಳು.

ಸಂಜೆ ಅವಳು ಅತ್ತೆಯ ಬೆರಳಿನ ಪಟ್ಟಿ ಬಿಚ್ಚಿ ಬೇರೆ ಕಟ್ಟಲು ಕೂತಳು. ಅವಳದು ಕನ್ನಡಕದ ಅಂಗಡಿಯಲ್ಲಿ ಕೆಲಸ. ದಿನವೆಲ್ಲ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ ಅಳತೆ ನೋಡುವುದು. ಎದುರಿಗೆ ಕೂತವರು ತನ್ನನ್ನು ನೋಡುತ್ತಿದ್ದಾರೋ, ತನ್ನ ದನಿಯನ್ನು ನೋಡುತ್ತಿದ್ದಾರೋ ಎನ್ನುವುದು ಅಂಥವರಿಗೆ ತಿಳಿದುಬಿಡುತ್ತದೆ. ಹಬ್ಬಕ್ಕೋ ರಜಕ್ಕೋ ಬಂದು ಹೋಗುತ್ತಿದ್ದ ದಿನಗಳಲ್ಲಿ ಅವಳಿಗೆ ಹಾಗೇನೂ ಅನ್ನಿಸಿರಲಿಲ್ಲ. ಆಗೆಲ್ಲ ಅತ್ತೆ ಈ ಮನೆಯಲ್ಲಿ ನೀರಲ್ಲಿ ಮೀನು ಓಡಾಡಿದಂತೆ ಓಡಾಡುತ್ತಿದ್ದರು. ಈಗ ಪಟ್ಟಿ ಕಟ್ಟಿ ಮುಗಿಸಿದವಳು ಸದ್ದಾಗದಂತೆ ಎದ್ದು, ಎಡಗಡೆಯಿಂದ ಬಲಗಡೆಗೆ ಬಂದು ನಿಂತಳು. ಅತ್ತೆ ಖಾಲಿ ಜಾಗಕ್ಕೆ, "ನಿನ್ನ ಕೈ ತುಂಬಾ ಮೃದು ಕಣೆ" ಎಂದರು.

"ಅತ್ತೆ, ನಾನು ಈ ಕಡೆ ಇದ್ದೀನಿ."

ಅತ್ತೆ ದನಿ ಬಂದತ್ತ ತಿರುಗಿದರು.

"ಬೆಳಕು ಗೊತ್ತಾಗುತ್ತೆ. ಬಾಗಿಲಲ್ಲಿ ಯಾರಾದ್ರೂ ನಿಂತ್ರೆ ನೆರಳು ಗೊತ್ತಾಗುತ್ತೆ. ಮುಖ ಗೊತ್ತಾಗಲ್ಲ. ನಿನ್ನ ಮದುವೆ ದಿನ ಅಷ್ಟಿಷ್ಟು ಕಾಣ್ತಿತ್ತು. ಆವತ್ತು ನೋಡಿದ ಮುಖಾನೇ ಜೋಪಾನ ಇಟ್ಕೊಂಡಿದೀನಿ. ಮೂಗಿನ ಮೇಲೊಂದು ಮಚ್ಚೆ ಇದೆಯಲ್ಲ?"

"ಕೆನ್ನೆ ಮೇಲೆ, ಅತ್ತೆ."

"ಹೋಗ್ಲಿ ಬಿಡು, ಹತ್ತಿರದಲ್ಲೇ ಇದೆಯಲ್ಲ."

ಸೊಸೆಗೆ ನಗುವೂ ಅಳುವೂ ಒಟ್ಟಿಗೆ ಬಂತು. "ಡಾಕ್ಟ್ರಿಗೆ ತೋರಿಸಲಿಲ್ವಾ?"

"ನಿಮ್ಮ ಮಾವ ಎಲ್ಲೆಲ್ಲಿ ತೋರಿಸಲಿಲ್ಲ ಅಂತ ಕೇಳು. ಕಣ್ಣಿನ ನರ ಒಣಗಿದೆಯಂತೆ. ನಿಮ್ಮಂಗಡಿ ಕನ್ನಡಕಕ್ಕೆಲ್ಲ ಬಗ್ಗೋದಲ್ಲ ಅದು."

"ನಮಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನ್ನ ಒಲೆ ಹತ್ರ ಬಿಡ್ತಿದ್ರಾ? ಗೊತ್ತಿಲ್ದೇನೇ ಬೇಡ ಅಂತಿದಾನೆ ನಿನ್ನ ಗಂಡ." ಅತ್ತೆಯ ದನಿ ತಗ್ಗಿತು. "ಅಲ್ಲಿ ನಂಗೆ ಕಣ್ಣು ಬೇಕಿರಲಿಲ್ಲ ಮಗಳೇ. ಕೈ ಚಾಚಿದ್ರೆ ಸಾಮಾನೇ ಬಂದು ಕೈ ಸೇರ್ತಿತ್ತು. ನೆಗ್ಗಿದ್ದು ಸಕ್ಕರೆ, ನೆಟ್ಟಗಿದ್ದದ್ದು ಉಪ್ಪು. ಈಗ ಯಾವುದನ್ನ ಮುಟ್ಟಿದ್ರೂ 'ಯಾರು ನೀನು' ಅಂತ ನನ್ನೇ ಕೇಳುತ್ತೆ. ನೀನು ಬೇಜಾರು ಮಾಡ್ಕೋಬೇಡ. ಪ್ರೀತಿಯಿಂದ ಮಾಡಿದೀಯ, ನಂಗೊತ್ತು."

ಬೆಳಗಾಗುತ್ತಲೇ ಸೊಸೆ ಗುಜರಿ ಅಂಗಡಿಗೆ ಓಡಿದಳು. ಲಾರಿ ಬಂದು ಎಲ್ಲ ತುಂಬಿಕೊಂಡು ಹೋಗಿತ್ತು. ಮರದ ಮಣೆ? ಅದು ಒಲೆಗೆ ಹೋಯಿತಲ್ಲಕ್ಕ ಎಂದ ಅಂಗಡಿಯವನು. ಅವಳ ಮುಖ ನೋಡಿ ಮುಂದೇನೂ ಕೇಳದೆ, ತಾನು ಕೂತಿದ್ದ ಸ್ಟೂಲನ್ನು ಒರೆಸಿ ಅವಳಿಗೆ ಹಾಕಿ, ಒಂದು ಲೋಟ ನೀರು ತಂದುಕೊಟ್ಟ.

ಮನೆಗೆ ಬಂದವಳು ಮಾವನ ಕುರ್ಚಿಯ ಮುಂದೆ ನೆಲದ ಮೇಲೆ ಕುಸಿದಳು. ಗಂಡ ಹೊರಗೆ ಹೋಗಿದ್ದ. ಅತ್ತೆ ಒಳಗೆ ಮಲಗಿದ್ದರು.

"ಮಾವ, ಹಳೇದು ಹೋಯ್ತು. ನಾನೇ ಹಾಕಿಬಿಟ್ಟೆ. ನೀವು ಯಾಕೆ ಕೇಳ್ತಿದ್ರಿ ಅಂತ ಈಗ ಗೊತ್ತಾಯ್ತು."

ಬೈಗುಳಕ್ಕೆ ಕಾದವಳಂತೆ ಅವಳು ತಲೆ ತಗ್ಗಿಸಿದ್ದಳು. ಮಾವನ ಎಡಗೈ ಬಂದು ಅವಳ ತಲೆಯ ಮೇಲೆ ಕೂತಿತು. ಕೊನೆಗೂ ಒಬ್ಬರಿಗಾದರೂ ತನ್ನ ಮಾತು ಅರ್ಥವಾಯಿತಲ್ಲ ಎಂಬಂತೆ ಅವರು ಉದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಆ ಕೈ ಗೋಡೆಗೆ ತೂಗುಹಾಕಿದ್ದ ತಮ್ಮ ಕೋಟನ್ನು ತೋರಿಸಿತು. ಅದರ ಜೇಬಿನಲ್ಲಿ ಒಂದು ಬೀಗದ ಕೈ ಸಿಕ್ಕಿತು. ಕೈ ಮತ್ತೆ ಎದ್ದು ಮೆಟ್ಟಿಲ ಕೆಳಗಿನ ಗಿಡ್ಡ ಬಾಗಿಲನ್ನು ತೋರಿಸಿತು. ಅಪ್ಪನ ಸ್ಟೋರು, ಬರೀ ಹಳೇ ಕಬ್ಬಿಣ ಎಂದು ಗಂಡ ತಮಾಷೆ ಮಾಡುತ್ತಿದ್ದ ಜಾಗ ಅದು.

ಬಾಗಿಲು ತೆಗೆದು, ಬಗ್ಗಿ ಒಳಗೆ ಹೋಗಿ, ತಡಕಾಡಿ ದೀಪ ಹಾಕಿದಳು.

ತಾನು ಗುಜರಿಗೆ ಹಾಕಿದ್ದೆಲ್ಲ ತನಗಿಂತ ಮುಂಚೆ ಇಲ್ಲಿಗೆ ಬಂದು ಸೇರಿಕೊಂಡಿದೆ ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಎದುರು ಗೋಡೆಯಲ್ಲಿ ಇನ್ನೊಂದು ಅಡುಗೆಮನೆ ಇತ್ತು. ಅದೇ ಎತ್ತರದಲ್ಲಿ ಮೊಳೆ, ಮೊಳೆಗೆ ಅದೇ ಸೌಟು. ಅದರ ಎಡಕ್ಕೆ ತೆಳು ಅಲಗಿನ ಚಾಕು. ಕೆಳಗಿನ ಹಲಗೆಯ ಮೇಲೆ ಭುಜ ನೆಗ್ಗಿದ ಸಕ್ಕರೆ ಡಬ್ಬಿ, ನೆಟ್ಟಗಿನ ಉಪ್ಪಿನ ಡಬ್ಬಿ, ಹಿಡಿಕೆಗೆ ದಾರ ಸುತ್ತಿದ ಕೆಟಲು. ದಾರದ ಗಂಟುಗಳು ಕೂಡ ಅವೇ. ಅವಳು ಸೌಟನ್ನು ಕೈಗೆ ತೆಗೆದುಕೊಂಡಳು. ಹಿಡಿಯ ಒಂದು ಬದಿ ಹೆಬ್ಬೆರಳು ಕೂರುವಷ್ಟು ಸವೆದಿತ್ತು. ತಿರುಗಿಸಿದಳು. ಬೆನ್ನಿಗೆ ಅಂಗಡಿಯ ಚೀಟಿ ಅರ್ಧ ಕಿತ್ತು ಅರ್ಧ ಇನ್ನೂ ಅಂಟಿಕೊಂಡಿತ್ತು.

ಇದು ಹೊಸ ಸೌಟು. ಒಂದು ದಿನವೂ ಒಲೆ ಕಾಣದ್ದು.

ಡಬ್ಬಿಯ ನೆಗ್ಗನ್ನು ಹತ್ತಿರದಿಂದ ನೋಡಿದಳು. ಬಟ್ಟೆ ಸುತ್ತಿದ ಸುತ್ತಿಗೆಯಿಂದ ಹಗುರಾಗಿ, ಮತ್ತೆ ಮತ್ತೆ ತಟ್ಟಿ ಮಾಡಿದ ನೆಗ್ಗು. ಚಾಕುವಿನ ಅಲಗನ್ನು ಅರದಿಂದ ಉಜ್ಜಿ ಉಜ್ಜಿ ಮುದಿ ಮಾಡಲಾಗಿತ್ತು. ಮೂಲೆಯಲ್ಲಿದ್ದ ಹೊಸ ಪೊರಕೆಯ ತುದಿಯನ್ನು ಕತ್ತರಿಸಿ, ಒಂದೇ ಪಕ್ಕಕ್ಕೆ ಬಾಗಿಸಿ ಕಟ್ಟಿಡಲಾಗಿತ್ತು. ಈ ಮನೆಯಲ್ಲಿ ಹೊಸದು ಯಾವುದೂ ಹೊಸದಾಗಿ ಒಳಗೆ ಬರುವಂತಿರಲಿಲ್ಲ. ಮೊದಲು ಇಲ್ಲಿ ಕೂತು ಪಳಗಬೇಕಿತ್ತು.

ತಿರುಗಿದರೆ ಹಿಂದಿನ ಗೋಡೆಯ ತುಂಬ ಹಳತು. ಸೌಟುಗಳ ಸಾಲು, ಚಾಕುಗಳ ಸಾಲು, ಒಂದರ ಬೆನ್ನಿಗೊಂದು ಒರಗಿಸಿಟ್ಟ ಮಣೆಗಳು. ಸ್ಟೋರಿನವರು ಹಳೆಯದನ್ನು ಬಿಸಾಡುವುದುಂಟೇ! ಅವಳು ಒಂದೊಂದೇ ಸೌಟಿನ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ಎಲ್ಲದರಲ್ಲೂ ಕುಳಿ ಅದೇ ಜಾಗದಲ್ಲಿತ್ತು. ಅತ್ತೆಯ ಕಣ್ಣು ಮಂಜಾಗತೊಡಗಿದಂದಿನಿಂದ ಈ ಮನೆಯಲ್ಲಿ ಎಷ್ಟೋ ಸೌಟುಗಳು ಬದಲಾಗಿದ್ದವು, ಅತ್ತೆಯ ಕೈಯಲ್ಲಿ ಮಾತ್ರ ಒಂದೇ ಸೌಟು ಇತ್ತು. ಹಿಡಿ ಅಲ್ಲಾಡುವ ಮುಂಚೆ, ಡಬ್ಬಿಯ ಅಂಚು ಬೆರಳು ಕೊಯ್ಯುವ ಮುಂಚೆ, ಕೆಟಲಿನ ದಾರ ಸುಡುವ ಮುಂಚೆ, ಒಮ್ಮೆಗೆ ಒಂದೇ ಒಂದು ಸಾಮಾನು, ಅತ್ತೆ ಮಲಗಿದ ಹೊತ್ತಿನಲ್ಲಿ ಹೊರಗೆ ಹೋಗಿ ಇನ್ನೊಂದು ಒಳಗೆ ಬರುತ್ತಿತ್ತು. ಜನ ಕೂರುವ ಗಾಡಿಯನ್ನು ನೋಡಿಕೊಂಡವರಿಗೆ ಬದಲಾಯಿಸುವ ಹೊತ್ತು ತಿಳಿದಿತ್ತು.

ಮೇಜಿನ ಮೇಲೆ ಎರಡು ಮಣೆಗಳಿದ್ದವು. ಒಂದು ಹಳೆಯದು, ಮಾದರಿಗೆ ಇಟ್ಟದ್ದು. ಇನ್ನೊಂದು ಹೊಸದು, ನಡುವೆ ಕುಳಿ ಅರ್ಧ ಮಾತ್ರ ಆಗಿತ್ತು. ಪಕ್ಕದಲ್ಲಿ ಹೆರೆಯುವ ಗಾಜಿನ ಚೂರು, ಮರ ಉಜ್ಜುವ ಉಪ್ಪುಕಾಗದ. ಕೈ ನಿಂತ ಗಳಿಗೆಯಲ್ಲಿ ಬಿದ್ದಿದ್ದ ಮರದ ಪುಡಿ ಹಾಗೇ ಇತ್ತು. ಅವಳು ಅದನ್ನು ಊದಲಿಲ್ಲ, ಒರೆಸಲಿಲ್ಲ. ಬಹು ದೊಡ್ಡ ಕಟ್ಟಡವೊಂದರ ಒಳಗೆ ಬಂದವಳ ಹಾಗೆ ಆ ಗಿಡ್ಡ ಸೂರಿನ ಕೆಳಗೆ ಉಸಿರು ಬಿಗಿಹಿಡಿದು ಕೂತಳು.

ಅತ್ತೆ ಏಳುವುದರೊಳಗೆ ಮಣೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅಡುಗೆಮನೆಗೆ ಬಂತು. ಯಾವುದು ಎಲ್ಲಿ ಎಂದು ಸ್ಟೋರಿನ ಗೋಡೆಯೇ ಹೇಳಿಕೊಟ್ಟಿತ್ತು. ಸಂಜೆ ಅವಳು ಅತ್ತೆಯ ಬಳಿ ಹೋಗಿ, "ಇವತ್ತು ಅಡುಗೆ ನೀವೇ ಮಾಡ್ತೀರಾ ಅತ್ತೆ? ನಂಗೆ ಯಾಕೋ ಸುಸ್ತು" ಎಂದಳು.

ಅತ್ತೆ ಒಲ್ಲದ ಮನಸ್ಸಿನಿಂದ ಎದ್ದು ಬಂದರು. ಹಾಲು ಕಾಯುತ್ತಿತ್ತು. ಕೈ ರೂಢಿಯಂತೆ ಮೊಳೆಯತ್ತ ಹೋಯಿತು. ಸೌಟು ಸಿಕ್ಕಿತು. ಹೆಬ್ಬೆರಳು ಹಿಡಿಯ ಕುಳಿಯಲ್ಲಿ ಕೂತಿತು. ಅತ್ತೆ ಹಾಗೇ ನಿಂತುಬಿಟ್ಟರು. ಹಾಲು ಉಕ್ಕಿ ಬರುತ್ತಿದ್ದುದನ್ನು ಕಂಡು ಸೊಸೆ ಓಡಿಬಂದು ಒಲೆ ಆರಿಸಿದಳು.

"ಅವರು ಎದ್ದು ಬಂದ್ರೇನೇ?" ಅತ್ತೆಯ ದನಿ ಪಿಸುಮಾತಾಗಿತ್ತು.

"ಇಲ್ಲ ಅತ್ತೆ. ಬೀಗದ ಕೈ ತೋರಿಸಿದ್ರು, ನಾನು ತಂದೆ." ತನ್ನ ಮಾತು ತನಗೇ ಕೇಳಿಸಿದ ಮೇಲೆ ಅವಳು ಬೆಚ್ಚಿದಳು. "ನಿಮಗೆ ಗೊತ್ತಿತ್ತಾ?"

"ಕಣ್ಣು ಹೋಗಿದೆ, ಕಿವಿ ಹೋಗಿಲ್ವಲ್ಲ! ಮೆಟ್ಟಿಲ ಕೆಳಗೆ ಕರಕರ ಅಂತ ಉಜ್ಜೋರು. ಏನ್ರೀ ಅದು ಸದ್ದು ಅಂದ್ರೆ, ರೇಡಿಯೋ ರಿಪೇರಿ ಅನ್ನೋರು. ಅದೆಷ್ಟು ವರ್ಷ ಕೆಡುತ್ತೆ ಕಣೇ ಒಂದು ರೇಡಿಯೋ?" ಅತ್ತೆ ನಕ್ಕರು. "ಆಮೇಲೆ ಒಂದಿನ ಸೌಟಿಗೆ ಉಪ್ಪುಕಾಗದದ ವಾಸನೆ. ಡಬ್ಬಿಗೆ ಅಂಗಡಿ ವಾಸನೆ."

"ಮತ್ತೆ ಮಾವನಿಗೆ ಹೇಳಲೇ ಇಲ್ವಾ?"

"ಅಷ್ಟು ಕಷ್ಟಪಟ್ಟು ಗುಟ್ಟು ಮಾಡೋರಿಗೆ ನಂಗೊತ್ತು ಅಂತ ಹೇಗೆ ಹೇಳೋದು? ಒಂದೊಂದ್ಸಲ ಕುಳಿ ಸ್ವಲ್ಪ ಆಚೀಚೆ ಆಗಿರ್ತಿತ್ತು. ಆಗ ನಾನೇ ಬೆರಳು ಸರಿಸ್ಕೋತಿದ್ದೆ."

ಅತ್ತೆ ಹುರುಳಿಕಾಯಿಯ ರಾಶಿ ಎಳೆದುಕೊಂಡು ಕೂತರು. ಚಾಕು ಹಿಡಿದರು. ಸೊಸೆ ತಂದಿದ್ದ ಹೊಸ ಮಣೆಯ ಮೇಲೆ ಅಂಗೈ ಆಡಿಸಿ, "ಇದು ಮಾತ್ರ ಪಳಗಿಲ್ಲ" ಎಂದರು.

"ಅದರದ್ದು ಅರ್ಧ ಆಗಿದೆ ಅತ್ತೆ, ಅಲ್ಲಿ."

"ಹಾಗಿದ್ರೆ ಅವರ ಕೈಗೇ ಕೊಡು. ನಾನಂದೆ ಅಂತ ಮಾತ್ರ ಅನ್ಬೇಡ."

ಊಟದ ಹೊತ್ತಿಗೆ ಅತ್ತೆ ತಾವಾಗಿಯೇ ಮಗನಿಗೆ ತಮ್ಮ ಕಣ್ಣಿನ ವಿಷಯ ಹೇಳಿದರು. ಅವನ ಕೈ ತಟ್ಟೆಯ ಮೇಲೇ ನಿಂತಿತು. ನಂಬಲಾರದೆ, ಚಿಕ್ಕ ಹುಡುಗನ ಹಾಗೆ ಅಮ್ಮನ ಮುಖದ ಮುಂದೆ ಅಂಗೈ ಬೀಸಿದ.

"ಗಾಳಿ ಹಾಕ್ಬೇಡ, ಊಟ ಆರುತ್ತೆ" ಎಂದರು ಅತ್ತೆ.

ಅವನು ತಟ್ಟೆಯತ್ತ ನೋಡಿದ. ಹುರುಳಿಕಾಯಿಯ ಹೋಳುಗಳು ಒಂದರಂತೆ ಒಂದಿದ್ದವು. ಒಂದೊಂದನ್ನೇ ಬೆರಳಿಂದ ಸರಿಸಿ ನೋಡಿದ. ಕೊನೆಗೆ, "ಅಡುಗೆಗೆ ಒಬ್ಬರಿಗೆ ಹೇಳಿದ್ದೆ" ಎಂದ. "ಬೇಡ ಅಂತ ಹೇಳಿಬಿಡ್ತೀನಿ." ಮತ್ತೆ ಸ್ವಲ್ಪ ಬಡಿಸಿಕೊಂಡ.

ಮರುದಿನ ಸೊಸೆ ಮಾವನ ಕುರ್ಚಿಯನ್ನು ಕಿಟಕಿಯ ಬಿಸಿಲಿಗೆ ತಳ್ಳಿದಳು. ಮಡಿಲ ಮೇಲೆ ಹಲಗೆಯಿಟ್ಟು, ಅದರ ಮೇಲೆ ಅರ್ಧ ಕುಳಿಯ ಹೊಸ ಮಣೆಯನ್ನಿಟ್ಟಳು.

"ಹಳೇದೆಲ್ಲಿ?" ಎಂದರು ಮಾವ.

"ಇಲ್ಲಿದೆ ಮಾವ."

ಅವಳು ಹಳೆಯ ಮಣೆಯನ್ನು ಅವರ ಎಡಗೈಗೆ ಕೊಟ್ಟಳು. ಮಾವ ಅದರ ಕುಳಿಯಲ್ಲಿ ಹೆಬ್ಬೆರಳನ್ನು ನಿಧಾನವಾಗಿ ಸುತ್ತಿಸಿದರು. ಆಮೇಲೆ ಉಪ್ಪುಕಾಗದ ಹಿಡಿದು ಹೊಸದರ ಮೇಲೆ ಉಜ್ಜತೊಡಗಿದರು. ಪಳಗದ ಎಡಗೈ ಸೊಟ್ಟಪಟ್ಟ ಓಡಿತು. ಸೊಸೆ ಮಣೆ ಜಾರದಂತೆ ಎರಡೂ ಕೈಯಿಂದ ಅದುಮಿ ಹಿಡಿದಳು. ಕರಕರ, ಕರಕರ.

ಅಡುಗೆಮನೆಯಲ್ಲಿ ಚಾಕುವಿನ ಸದ್ದು ನಿಂತಿತು.

"ಏನ್ರೀ ಅದು ಸದ್ದು?" ಅತ್ತೆ ಒಳಗಿಂದಲೇ ಕೂಗಿದರು.

ಮಾವನ ಕೈ ಗಕ್ಕನೆ ನಿಂತಿತು. ಸಿಕ್ಕಿಬಿದ್ದ ಹುಡುಗನ ಕಣ್ಣುಗಳಿಂದ ಸೊಸೆಯ ಮುಖ ನೋಡಿದರು.

"ರೇಡಿಯೋ ರಿಪೇರಿ, ಅತ್ತೆ" ಎಂದಳು ಸೊಸೆ.

ಒಳಗೆ ಚಾಕು ಮತ್ತೆ ಶುರುವಾಯಿತು. ಮಾವ ಬಗ್ಗಿ, ಮಣೆಯ ಮೇಲಿನ ಪುಡಿಯನ್ನು ಮೆಲ್ಲಗೆ ಊದಿದರು.